ಶಂಖಕ್ಕಿಂತ ಎರಡು ಬೆರಳು ಮೇಲೆ

ಒಂದೇ ದಿನ, ಒಂದೇ ಶಾಲೆಯ ಒಂದೇ ಕೊಠಡಿ, ಒಂದೇ ಔಷಧಿ. ಅಷ್ಟಾದರೂ ಕಡೂರಿನ ದ್ವಾರಕಾನಾಥರ ಮನೆಯ ಐದು ಜನಕ್ಕೆ ಐದು ಥರ ಆಯಿತಲ್ಲ, ಅದಕ್ಕೇನನ್ನೋಣ! ಬೂಸ್ಟರ್ ಲಸಿಕೆ ಹಾಕಿಸಿಕೊಂಡು ಬಂದ ಸಂಜೆಯೇ ಸೊಸೆ ಬೃಂದಾಗೆ ಚಳಿಜ್ವರ ಹತ್ತಿ, ಹಲ್ಲು ಕಟಕಟ ಅನ್ನತೊಡಗಿ, ಮೇಲೆ ಎರಡು ಕಂಬಳಿ ಹೊದಿಸಿದರೂ ಸಾಲಲಿಲ್ಲ. ಬೆಳಗಾದರೆ ಜ್ವರ ಬಂದದ್ದೇ ಸುಳ್ಳು ಅನ್ನುವ ಹಾಗೆ ಎದ್ದು, ಬೀರೂರಿನ ಶಾಲೆಗೆ ಪಾಠ ಹೇಳಲು ಹೊರಟಳು. ಮಗ ಸುದರ್ಶನನಿಗೆ ಜ್ವರವೂ ಇಲ್ಲ, ಚಳಿಯೂ ಇಲ್ಲ. ತೋಳು ಮಾತ್ರ ಯಾರೋ ಗುದ್ದಿದ ಹಾಗೆ ಬಾತು ನೋಯುತ್ತಿದ್ದರಿಂದ ಬೈಕು ಬಿಟ್ಟು ಬಸ್ಸಿನಲ್ಲಿ ತರೀಕೆರೆಯ ಕರೆಂಟ್ ಆಫೀಸಿಗೆ ಹೋಗಿ ಬಂದ. ಕಾಲೇಜಿಗೆ ಹೋಗುವ ಮೊಮ್ಮಗಳು ಶ್ರೇಯಾಳ ಕಂಕುಳಲ್ಲಿ ಗೋಲಿಯಷ್ಟು ಗಂಟು ಎದ್ದಿತು. ಅವಳು ಮೊಬೈಲಿನಲ್ಲಿ ಏನೇನೋ ಓದಿ, ತನಗೆ ಇನ್ನು ಉಳಿಗಾಲವಿಲ್ಲ ಎಂದು ಒಂದು ಮಧ್ಯಾಹ್ನವಿಡೀ ಅತ್ತಳು. ವಾರ ಕಳೆಯುವುದರೊಳಗೆ ಗಂಟು ಎಲ್ಲಿತ್ತು ಅಂತಲೇ ಅವಳಿಗೆ ಮರೆತುಹೋಯಿತು.

ದ್ವಾರಕಾನಾಥರಿಗೆ ಏನೂ ಆಗಲಿಲ್ಲ. ಏನಂದರೆ ಏನೂ ಇಲ್ಲ. ಎಪ್ಪತ್ತು ದಾಟಿದ ಮನುಷ್ಯ, ಮಾರನೆಯ ದಿನ ಎಂದಿನಂತೆ ತಣ್ಣೀರು ಸ್ನಾನ ಮಾಡಿ, ಹಣೆಗೆ ತಿರುಮಣ್ಣಿನ ನಾಮವಿಟ್ಟುಕೊಂಡು, ಜಗಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ ತೋಳು ತೋರಿಸಿದ್ದೇ ತೋರಿಸಿದ್ದು.

"ರೈಲ್ವೆ ಶರೀರ ಕಣ್ರೀ ಇದು. ಬೀರೂರು ಜಂಕ್ಷನ್ನಿನಲ್ಲಿ ಬಿಸಿಲು, ಮಳೆ, ಎಂಜಿನ್ ಹೊಗೆ ಎಲ್ಲಾ ಕುಡಿದು ಗಟ್ಟಿಯಾದದ್ದು. ಈ ಸೂಜಿ ಯಾವ ಲೆಕ್ಕ?"

ಇನ್ನು ಅವರ ಹೆಂಡತಿ ರಂಗನಾಯಕಿ. ಆಕೆ ಏನೂ ಹೇಳಲಿಲ್ಲ. ಆಕೆ ಏನೂ ಹೇಳದಿದ್ದರೆ ಏನೂ ಆಗಿಲ್ಲ ಎಂದೇ ಆ ಮನೆಯಲ್ಲಿ ಲೆಕ್ಕ.

ಲಸಿಕೆಯ ದಿನ ನಡೆದದ್ದನ್ನು ಇಲ್ಲಿ ಹೇಳಿಬಿಡಬೇಕು. ಶಾಲೆಯಲ್ಲಿ ಎರಡು ಮೇಜು ಹಾಕಿ, ಇಬ್ಬರು ನರ್ಸಮ್ಮಂದಿರು ಕೂತಿದ್ದರು. ದ್ವಾರಕಾನಾಥರು ಒಂದು ಮೇಜಿನ ಮುಂದೆ ಕೂತು ಅಂಗಿಯ ತೋಳು ಮಡಿಚಿದ್ದಷ್ಟೇ. ಬಾಯಿ ತೆರೆಯುವುದರೊಳಗೆ ಸೂಜಿ ಹೋಗಿ ಹೊರಗೂ ಬಂದಿತ್ತು. ಬಗ್ಗಿ ನೋಡಿಕೊಂಡರೆ ರಕ್ತದ ಚುಕ್ಕಿ ಸರಿಯಾಗಿ ಶಂಖದ ಮೇಲೆ!

ಶಂಖ ಎಂದರೆ ಮುದ್ರೆ. ಆ ಮನೆತನದವರಿಗೆ ಗುರುಗಳು ಬೆಂಕಿಯಲ್ಲಿ ಕಾಯಿಸಿದ ಚಕ್ರವನ್ನು ಬಲತೋಳಿಗೂ ಶಂಖವನ್ನು ಎಡತೋಳಿಗೂ ಒತ್ತುತ್ತಾರೆ. ಅದಾದ ಮೇಲೇ ಅವರು ಮನೆದೇವರಾದ ಪೆರುಮಾಳಿಗೆ ಅಡುಗೆ ಮಾಡಲು ಅರ್ಹರು. ಮುದ್ರೆಯಿಲ್ಲದ ಕೈಯ ಅಡುಗೆಯನ್ನು ದ್ವಾರಕಾನಾಥರು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಮುದ್ರೆ ಇದ್ದದ್ದು ಅವರಿಗೆ ಮತ್ತು ರಂಗನಾಯಕಿಗೆ, ಇಬ್ಬರಿಗೇ. ಸುದರ್ಶನನನ್ನು ಚಿಕ್ಕಂದಿನಲ್ಲಿ ಮಠಕ್ಕೆ ಕರೆದುಕೊಂಡು ಹೋಗಿದ್ದರು. ಅವನು ಕೆಂಪಗೆ ಕಾದ ಶಂಖ ನೋಡಿ ಹಿತ್ತಲ ಗೋಡೆ ಹಾರಿ ಓಡಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೃಂದಾ ಅಜ್ಜಂಪುರದ ಸ್ಮಾರ್ತರ ಮನೆಯ ಹುಡುಗಿ, ಸುದರ್ಶನ ಮೆಚ್ಚಿ ಮದುವೆಯಾದವಳು. "ಸುಡೋದನ್ನ ಮೈಗೆ ಒತ್ತಿಸ್ಕೊಂಡು ಅಡುಗೆ ಮಾಡೋ ಹಣೆಬರಹ ನನಗೆ ಬೇಡ ಅತ್ತೆ" ಎಂದು ಬಂದ ವರ್ಷವೇ ಹೇಳಿಬಿಟ್ಟಿದ್ದಳು. ಅಂದಿನಿಂದ ಹಿಂದಿನ ವರಾಂಡದಲ್ಲಿ ಅವಳದೊಂದು ಗ್ಯಾಸ್ ಒಲೆ. ಗಂಡನ ಡಬ್ಬಿ, ಮಗಳ ತಿಂಡಿ, ತನ್ನ ಕಾಫಿ ಎಲ್ಲ ಅಲ್ಲೇ. ಒಳಗಿನ ಅಡುಗೆಮನೆಯ ಹೊಸ್ತಿಲನ್ನು ಅವಳು ದಾಟುತ್ತಿರಲಿಲ್ಲ.

ತಮ್ಮ ಶಂಖದ ಮೇಲೆ ಸೂಜಿ ಬಿದ್ದದ್ದಕ್ಕೆ ದ್ವಾರಕಾನಾಥರಿಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯದಾದರೂ ಉಳಿಯಲಿ ಎಂದು ದಾಪುಗಾಲು ಹಾಕಿ ಪಕ್ಕದ ಮೇಜಿಗೆ ಬಂದರು. ಅಲ್ಲಿ ರಂಗನಾಯಕಿ ಕುಪ್ಪಸದ ತೋಳು ಸರಿಸಿ ಕೂತಿದ್ದರು.

"ತಾಯಿ, ಮುದ್ರೆ ಮೇಲೆ ಚುಚ್ಚಬೇಡಮ್ಮ!"

ನರ್ಸಮ್ಮ ಕಕ್ಕಾಬಿಕ್ಕಿಯಾದಳು. "ಮತ್ತೆಲ್ಲಿ ಚುಚ್ಚಲಿ ಯಜಮಾನ್ರೇ?"

"ಮೇಲೆ ಚುಚ್ಚು. ಇಲ್ಲಿ, ಎರಡು ಬೆರಳು ಮೇಲೆ."

ಹಿಂದೆ ಸಾಲು ಬೆಳೆದಿತ್ತು, ಯಜಮಾನರ ಹಣೆಯ ಮೇಲೆ ನಾಮ ಎದ್ದು ಕಾಣುತ್ತಿತ್ತು, ಆ ಹುಡುಗಿಗೆ ವಾದ ಬೇಕಿರಲಿಲ್ಲ. ಅವರು ಬೆರಳಿಟ್ಟು ತೋರಿಸಿದಲ್ಲೇ ಚುಚ್ಚಿದಳು. ರಂಗನಾಯಕಿ "ಹ್ಞಾ" ಎಂದವರು ತುಟಿ ಕಚ್ಚಿಕೊಂಡು ಎದ್ದರು. ದ್ವಾರಕಾನಾಥರು ದೊಡ್ಡ ಅನಾಹುತ ತಪ್ಪಿಸಿದ ನೆಮ್ಮದಿಯಲ್ಲಿ ಮನೆಗೆ ನಡೆದರು.

ವಾರ ಕಳೆಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಧಡಾರ್ ಎಂದು ಸದ್ದಾಯಿತು. ದ್ವಾರಕಾನಾಥರು ಸಂಧ್ಯಾವಂದನೆ ಅರ್ಧಕ್ಕೇ ಬಿಟ್ಟು ಓಡಿದರು. ಕಂಚಿನ ತಪ್ಪಲೆ ಬೋರಲಾಗಿ ಬಿದ್ದಿತ್ತು. ಅನ್ನ, ಗಂಜಿ ಎಲ್ಲ ನೆಲದ ಮೇಲೆ ಹೊಗೆಯಾಡುತ್ತಿತ್ತು. ರಂಗನಾಯಕಿ ಬಲಗೈಯಲ್ಲಿ ಎಡತೋಳನ್ನು ಅವುಚಿಕೊಂಡು ಗೋಡೆಗೆ ಒರಗಿದ್ದರು. ಬೃಂದಾ ವರಾಂಡದಿಂದ ಓಡಿ ಬಂದವಳು, ಅಂಥ ಹೊತ್ತಿನಲ್ಲೂ, ಹೊಸ್ತಿಲ ಹತ್ತಿರ ನಿಂತುಬಿಟ್ಟಳು.

"ಅತ್ತೆ, ಕಾಲು ಸುಟ್ಟಿತಾ?"

"ಇಲ್ಲ ಕಣೇ, ಹಿಂದಕ್ಕೆ ಸರ್ಕೊಂಡೆ. ಗಂಜಿ ಬಸಿಯೋಣ ಅಂತ ಎತ್ತಿದೆ, ಕೈ ತಡೀಲಿಲ್ಲ."

"ಕೈ ಮೇಲೆತ್ತಿ ನೋಡೋಣ."

ರಂಗನಾಯಕಿ ಎಡಗೈ ಎತ್ತಿದರು. ಎದೆಯವರೆಗೆ ಬಂತು. ಅಲ್ಲಿಂದಾಚೆ ಮುಖ ಕಿವುಚಿತೇ ಹೊರತು ಕೈ ಏಳಲಿಲ್ಲ.

"ಯಾವಾಗಿಂದ ಹೀಗೆ?" ಬೃಂದಾಳ ದನಿ ಏರಿತು.

"ಸೂಜಿ ಹಾಕಿಸ್ಕೊಂಡಾಗಿಂದ."

"ಹೇಳ್ಬಾರ್ದಾ?"

"ಹೇಳಿದ್ರೆ ಅಡುಗೆ ಯಾರು ಮಾಡ್ತಾರೆ? ನೀನು ಮಾಡಿದ್ದು ಅವರು ತಿನ್ನಲ್ಲ. ನಿಲ್ಲು, ಈ ಅನ್ನ ಬಳಿದು ಹಾಕ್ತೀನಿ."

ಆ ದಿನ ದ್ವಾರಕಾನಾಥರು ಬಾಳೆಹಣ್ಣು ಮತ್ತು ಹಾಲಿನಲ್ಲಿ ಊಟ ಮುಗಿಸಿದರು. ಸಂಜೆ ಸುದರ್ಶನ ಆಫೀಸಿನಿಂದ ಬಂದವನೇ ವಿಷಯ ತಿಳಿದು ಸಿಡಿದ.

"ಅಪ್ಪ, ಬೃಂದಾ ಮಾಡಿದ್ದು ತಿಂದ್ರೆ ಏನಾಗುತ್ತೆ ನಿಮಗೆ?"

"ಏನೂ ಆಗಲ್ಲ. ತಿನ್ನಲ್ಲ, ಅಷ್ಟೆ. ಗೂಡ್ಸ್ ಗಾಡಿ ಗಾರ್ಡ್ ಆಗಿ ಸರ್ವೀಸೆಲ್ಲಾ ಕಳೆದೆ, ಹೋಟ್ಲಲ್ಲಿ ಒಂದು ಲೋಟ ಕಾಫಿ ಕುಡಿದೋನಲ್ಲ ನಾನು. ಅರಸೀಕೆರೇಲಿ ದಿನವಿಡೀ ಗಾಡಿ ನಿಂತಾಗ್ಲೂ ಮನೆ ಡಬ್ಬೀನೇ ತಿಂದೆ. ಈಗ ಮುದಿವಯಸ್ಸಿಗೆ ಬಿಡು ಅಂತೀಯಾ?"

"ಬಿಡಬೇಡಿ! ಅಮ್ಮನ ಕೈ ಬಿದ್ದುಹೋಗ್ಲಿ, ನಿಮ್ಮ ಹಠ ಉಳೀಲಿ."

"ಏನೋ ಅಂದೆ?"

"ಜಗಳ ಆಡ್ಬೇಡ್ರೋ," ರಂಗನಾಯಕಿ ಮಲಗಿದ್ದಲ್ಲಿಂದ ಅಂದರು. "ನಾಳೆ ನಾನೇ ಮಾಡ್ತೀನಿ."

ಮಾಡಿದರು ಕೂಡ. ಮಾರನೆಯ ದಿನ ಒಂದೇ ಕೈಯಲ್ಲಿ, ಹಲ್ಲು ಕಚ್ಚಿಕೊಂಡು, ಸ್ವಲ್ಪ ಸ್ವಲ್ಪವಾಗಿ ಸೌಟಿನಲ್ಲಿ ಗಂಜಿ ತೆಗೆದು ಅನ್ನ ಮಾಡಿದರು. ದ್ವಾರಕಾನಾಥರು ಉಂಡರು. ಉಣ್ಣುವಾಗ ಹೊಸ್ತಿಲ ಆಚೆ ಬೃಂದಾ ಬಂದು ನಿಂತಳು. ಅವಳು ಮಾವನಿಗೆ ಎದುರಾಡಿದವಳಲ್ಲ. ಅವತ್ತು ಆಡಿದಳು.

"ನನ್ನ ಕೈ ಅಡುಗೆ ತಿನ್ನಬೇಡಿ ಮಾವ, ನನಗೆ ಬೇಜಾರಿಲ್ಲ. ಆದ್ರೆ ಅತ್ತೆ ಕೈನ ಡಾಕ್ಟ್ರಿಗೆ ತೋರಿಸದೆ ಇನ್ನೊಂದು ದಿನ ಬಿಡಲ್ಲ. ನೀವೂ ಬನ್ನಿ."

ಮೂಳೆ ಡಾಕ್ಟರ್ ರೇಣುಕಪ್ರಸಾದ್ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಸಾವಧಾನಿ. ರಂಗನಾಯಕಿಯವರ ತೋಳನ್ನು ಮೆಲ್ಲನೆ ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಆಡಿಸಿ ನೋಡಿದರು. ಸೂಜಿ ಚುಚ್ಚಿದ್ದೆಲ್ಲಿ ಎಂದು ಕೇಳಿದರು. ರಂಗನಾಯಕಿ ಭುಜದ ಮೂಳೆಯ ಅಂಚಿಗೆ ಬೆರಳಿಟ್ಟರು.

"ಅಷ್ಟು ಮೇಲೆ ಚುಚ್ಚಿದ್ರಾ?"

"ನಾನೇ ಹೇಳಿದ್ದು ಡಾಕ್ಟ್ರೇ," ದ್ವಾರಕಾನಾಥರು ಎದೆಯುಬ್ಬಿಸಿಯೇ ಅಂದರು. "ಕೆಳಗೆ ಮುದ್ರೆ ಇದೆ ನೋಡಿ, ಶಂಖ. ಅದರ ಮೇಲೆ ಚುಚ್ಚಬಾರ್ದು ಅಂತ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಆ ಮಾಸಿದ ಗುರುತನ್ನು ಹತ್ತಿರದಿಂದ ನೋಡಿದರು. ಭುಜದ ಮೂಳೆಯಿಂದ ಕೆಳಕ್ಕೆ ಬೆರಳು ಅಳೆದರು. ಬೆರಳು ಶಂಖದ ನಟ್ಟನಡುವೆ ಬಂದು ನಿಂತಿತು.

"ನಾವು ಓದೋವಾಗ ನಮಗೆ ಹೇಳಿಕೊಡೋ ಜಾಗ ಇದೇ ಯಜಮಾನ್ರೇ. ಇಲ್ಲಿ ಮಾಂಸ ದಪ್ಪ. ಸೂಜಿ ಹೋಗಬೇಕಾದ್ದು ಸರಿಯಾಗಿ ಈ ಶಂಖ ಇರೋ ಕಡೆ. ಮೇಲೆ ಚುಚ್ಚಿದ್ರಿಂದ ಔಷಧಿ ಕೀಲಿನ ಸಂದಿಗೆ ಹೋಗಿ ಊದ್ಕೊಂಡಿದೆ. ಔಷಧೀಲಿ ಏನೂ ತಪ್ಪಿಲ್ಲ, ಜಾಗದಲ್ಲಿ ತಪ್ಪಾಗಿದೆ. ಅಪರೂಪಕ್ಕೆ ಹೀಗಾಗುತ್ತೆ."

ದ್ವಾರಕಾನಾಥರ ಕೈ ತಾನಾಗಿಯೇ ತಮ್ಮ ಎಡತೋಳಿಗೆ ಹೋಯಿತು. ತಮಗೆ ಶಂಖದ ಮೇಲೇ ಬಿದ್ದಿತ್ತು, ತಮಗೆ ಏನೂ ಆಗಿರಲಿಲ್ಲ. ಅಬ್ಬಾ! ಗುರುಗಳು ಅಷ್ಟು ವರ್ಷದ ಹಿಂದೆ ಕಾದ ಶಂಖ ಒತ್ತಿದ್ದೂ ಅಲ್ಲೇ, ಈ ಕಾಲದ ಸೂಜಿ ಹೋಗಬೇಕಾದ್ದೂ ಅಲ್ಲೇ. ಗುರುತು ಹಾಕಿಟ್ಟ ಜಾಗ ಬಿಡಿಸಿ, ಬೆರಳಿಟ್ಟು ಬೇರೆ ಜಾಗ ತೋರಿಸಿದವರು ತಾವು. ಅವರಿಗೆ ಆ ಕುರ್ಚಿಯಲ್ಲೇ ರೋಮಾಂಚನವಾಯಿತು, ನಾಚಿಕೆಯೂ ಆಯಿತು. ಎರಡೂ ಒಟ್ಟಿಗೇ ಬಂದವು.

"ಸರಿ ಹೋಗುತ್ತಾ?" ಎಂದು ಕೇಳಿದವಳು ಬೃಂದಾ.

"ಹೋಗುತ್ತೆ. ಮಾತ್ರೆ ಕೊಡ್ತೀನಿ, ವ್ಯಾಯಾಮ ಹೇಳಿಕೊಡ್ತೀನಿ. ಆದ್ರೆ ಭಾರ ಎತ್ತೋ ಹಾಗಿಲ್ಲ. ಅಡುಗೆ, ನೀರು, ಒಗೆಯೋದು ಯಾವುದೂ ಬೇಡ. ಈಗ ಇದನ್ನ ದಂಡಿಸಿದ್ರೆ ಕೀಲು ಹಿಡಿದುಬಿಡುತ್ತೆ. ಆಮೇಲೆ ತಲೆ ಬಾಚ್ಕೊಳೋಕೂ ಕೈ ಏಳಲ್ಲ."

ಆಟೋ ಮನೆಯ ತಿರುವಿಗೆ ಬಂದಾಗ ರಂಗನಾಯಕಿಯೇ ಅಂದರು: "ಹೋಗ್ಲಿ ಬಿಡಿ. ನೀವೇನು ಬೇಕೂಂತ ಮಾಡಿದ್ರಾ?" ಅದನ್ನು ಕೇಳಿ ದ್ವಾರಕಾನಾಥರಿಗೆ ಇನ್ನಷ್ಟು ಕಷ್ಟವಾಯಿತು. ಬೈದಿದ್ದರೆ ಜಗಳವಾಡಬಹುದಿತ್ತು.

ರಾತ್ರಿ ಊಟದ ಹೊತ್ತಿಗೆ ಅವರು ತೀರ್ಮಾನ ಹೇಳಿದರು. "ನಾಳೆಯಿಂದ ಅಡುಗೆ ನಾನು ಮಾಡ್ತೀನಿ. ನನಗೆ ಮುದ್ರೆ ಇದೆಯಲ್ಲ."

ಶ್ರೇಯಾ ಕಿಸಕ್ಕನೆ ನಕ್ಕಳು. "ತಾತ, ನಿಮಗೆ ಗ್ಯಾಸ್ ಹಚ್ಚೋಕೆ ಬರುತ್ತಾ?"

"ಗಾಡಿ ಓಡಿಸಿದೋನಿಗೆ ಗ್ಯಾಸ್ ಹಚ್ಚೋಕೆ ಬರಲ್ವೇನೇ?"

"ಗಾಡಿ ಓಡಿಸಿದ್ದು ಡ್ರೈವರು ತಾತ. ನೀವು ಹಿಂದೆ ಕೂತು ಬಾವುಟ ಬೀಸ್ತಿದ್ರಿ."

ಬೆಳಿಗ್ಗೆ ಅವರು ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಅಡುಗೆಮನೆಯ ನಡುವೆ ನಿಂತರು. ಮದುವೆಯಾದಾಗಿನಿಂದ ಆ ಕೋಣೆಯಲ್ಲಿ ಉಂಡಿದ್ದರು, ಇದೇ ಮೊದಲ ಸಲ ಅದನ್ನು ನೋಡಿದರು. ಗೂಡು ಗೂಡಿಗೂ ಡಬ್ಬಗಳು. ಯಾವುದರಲ್ಲಿ ಏನಿದೆಯೋ ಯಾರಿಗೆ ಗೊತ್ತು! ಬೃಂದಾ ಶಾಲೆಗೆ ಹೊರಡುವ ಸೀರೆಯಲ್ಲೇ ಹೊಸ್ತಿಲ ಆಚೆ ನಿಂತು ಹೇಳತೊಡಗಿದಳು.

"ಮಾವ, ಆ ಎತ್ತರದ ಡಬ್ಬ ತೊಗರಿಬೇಳೆ. ಅದಲ್ಲ, ಅದು ಕಡಲೆಬೇಳೆ. ಅದರ ಪಕ್ಕದ್ದು."

"ಎರಡೂ ಹಳದೀನೇ ಇದೆಯಲ್ಲಮ್ಮ!"

"ಮೊದಲು ತೊಳೀರಿ. ನೀರು ತಿಳಿಯಾಗೋವರೆಗೂ."

ಬೇಳೆ ಒಲೆಯೇರಿತು. ಸ್ವಲ್ಪ ಹೊತ್ತಿಗೆ ಬೆಳ್ಳಗೆ ನೊರೆ ಎದ್ದು ಪಾತ್ರೆಯ ಬಾಯಿ ದಾಟಿತು. ದ್ವಾರಕಾನಾಥರು "ಅಯ್ಯಯ್ಯೋ" ಎಂದು ಕೈಯಾಡಿಸುತ್ತ ಹಿಂದಕ್ಕೆ ಹಾರಿದರು. ಸೌಟು ಹಾಕಿ, ಉರಿ ತಗ್ಗಿಸಿ ಎಂದು ಬೃಂದಾ ಕೂಗಿದಳು. ಉರಿ ತಗ್ಗಿಸಿದ್ದೇ ತಡ, ಅಷ್ಟು ಆರ್ಭಟ ಮಾಡಿದ ನೊರೆ ಸುಮ್ಮನೆ ತಳಕ್ಕಿಳಿಯಿತು. ಅವರು ಬಗ್ಗಿ ಅದನ್ನು ನೋಡಿದ್ದೇ ನೋಡಿದ್ದು. ಕಲ್ಲಿನಂತಿದ್ದ ಕಾಳು ಬೆಣ್ಣೆಯಾಗುವುದು, ಕೆಂಪು ಹುಣಸೆಹಣ್ಣಿನ ನೀರು ಕುದಿದು ಮನೆಗೆಲ್ಲ ಘಮ್ಮೆನ್ನುವುದು, ಸಾಸಿವೆ ಸಿಡಿಯುವುದು, ಇಂಗು ಅರಳುವುದು ಇವೆಲ್ಲ ತಾವು ದಿನಾ ಉಣ್ಣುತ್ತಿದ್ದ ಊಟದ ಹಿಂದೆ ನಡೆಯುತ್ತಿದ್ದವೇ? ಇಷ್ಟೊಂದು?

ಕೊನೆಗೆ ಅನ್ನದ ತಪ್ಪಲೆ. ಬಟ್ಟೆ ಹಿಡಿದು, ಎರಡು ಕೈಯಲ್ಲೂ ಎತ್ತಿ, ಬಗ್ಗಿಸಿ, ಮುಚ್ಚಳ ಜಾರದಂತೆ ಹಿಡಿದು ಗಂಜಿ ಬಸಿಯಬೇಕು. ಕುಕ್ಕರಿನ ಅನ್ನ ಪೆರುಮಾಳಿಗೆ ಆಗದು ಎಂದು ನಿಯಮ ಮಾಡಿದವರು ಅವರೇ. ಎತ್ತಿದರು. ರಟ್ಟೆ ಗಡಗಡ ನಡುಗಿತು. ಗಂಜಿಯ ಆವಿ ಮುಖಕ್ಕೆ ಹೊಡೆದು ಕನ್ನಡಕ ಮಂಜಾಯಿತು.

"ಇದನ್ನ ನಿಮ್ಮತ್ತೆ ದಿನಾ ಎತ್ತುತ್ತಿದ್ಲಾ?"

"ಎರಡು ಹೊತ್ತು, ಮಾವ. ನೀವು ಡ್ಯೂಟಿಗೆ ಹೋಗೋವಾಗ ಮೂರು ಹೊತ್ತಂತೆ."

ಅವರಿಗೆ ಬೀರೂರಿನ ದಿನಗಳು ನೆನಪಾದವು. ಗಾಡಿ ಯಾವ ಗಳಿಗೆಗೆ ಹೊರಟರೂ ಡಬ್ಬಿ ಸಿದ್ಧವಾಗಿರುತ್ತಿತ್ತು. ಬೇರೆ ಗಾರ್ಡುಗಳು ಸ್ಟೇಷನ್ನಿನ ಪಕೋಡ ತಿನ್ನುವಾಗ ತಾವು ತಲೆಯೆತ್ತಿ ಕೂತು ಪುಳಿಯೋಗರೆ ತಿನ್ನುತ್ತಿದ್ದುದನ್ನು ಅವರು ತಮ್ಮ ನಿಷ್ಠೆ ಎಂದು ಹೇಳಿಕೊಂಡು ಬಂದಿದ್ದರು. ನಿಷ್ಠೆ ತಮ್ಮದು, ರಟ್ಟೆ ಅವಳದು. ಇದು ಇಷ್ಟು ವರ್ಷ ತಲೆಗೇ ಹೋಗಿರಲಿಲ್ಲವಲ್ಲ ಎಂದು ಅವರು ಕನ್ನಡಕ ಒರೆಸಿಕೊಂಡರು.

ದಿನಗಳು ಹೀಗೇ ಹೋದವು. ಬೆಳಿಗ್ಗೆ ಬೃಂದಾ ಹೊಸ್ತಿಲಾಚೆ ನಿಂತು ಹೇಳುವುದು, ಮಾವ ಒಳಗೆ ಮಾಡುವುದು. ಅವಳು ಬಸ್ಸಿಗೆ ಓಡುವ ಮುಂಚೆ ಸಂಜೆಯದನ್ನೂ ಹೇಳಿ ಹೋಗುವಳು. ಸಾರು ಒಂದು ದಿನ ಉಪ್ಪಾಯಿತು, ಒಂದು ದಿನ ಸಪ್ಪೆಯಾಯಿತು, ಒಂದು ದಿನ ಹುಳಿಗೆ ಬದಲು ಗೊಜ್ಜಾಯಿತು. ರಂಗನಾಯಕಿ ಪಡಸಾಲೆಯ ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಿದ್ದರು. ಹಲ್ಲಿ ಹತ್ತಿದ ಹಾಗೆ ಬೆರಳುಗಳು ಒಂದೊಂದೇ ಮೇಲಕ್ಕೆ ಹೋಗಬೇಕು. ಶ್ರೇಯಾ ಪಕ್ಕದಲ್ಲಿ ನಿಂತು "ಇನ್ನೊಂಚೂರು ಅಜ್ಜಿ, ಇನ್ನೊಂಚೂರು" ಎಂದು ಹುರಿದುಂಬಿಸುತ್ತಿದ್ದಳು. ಆಕೆ ನೋವಿಗೆ ಕಣ್ಣೀರು ತಂದುಕೊಂಡರೂ ಬಿಡುತ್ತಿರಲಿಲ್ಲ. ಕೈ ಎದೆ ದಾಟಿತು, ಗಲ್ಲದವರೆಗೆ ಬಂತು, ಅಲ್ಲೇ ನಿಂತಿತು.

ಹದಿನೈದು ದಿನಕ್ಕೆಲ್ಲ ದ್ವಾರಕಾನಾಥರಿಗೆ ಕೊಂಬು ಬಂತು. "ನೋಡಪ್ಪ, ಅಡುಗೆ ಅನ್ನೋದು ದೊಡ್ಡ ವಿದ್ಯೆ," ಎಂದು ಮಗನಿಗೆ ಬಡಿಸುತ್ತ ಉಪದೇಶ ಮಾಡತೊಡಗಿದರು. "ನಾನು ಕಲಿತೆ. ಮುದ್ರೆ ಇಲ್ಲದೋರ ಕೈ ಕಾಯದೆ ಪೆರುಮಾಳಿನ ಸೇವೆ ನಡೆಸಿಕೊಂಡು ಬಂದೆ."

ಬೃಂದಾ ಕೇಳಿಸಿಕೊಂಡು ತನ್ನ ಒಲೆಯ ಕಡೆ ಹೋದಳು.

ಶ್ರಾವಣದಲ್ಲಿ ಕೃಷ್ಣಜಯಂತಿ ಬಂತು. ಆ ಮನೆಯಲ್ಲಿ ಅದು ಸಣ್ಣ ಹಬ್ಬವಲ್ಲ. ಚಕ್ಕುಲಿ, ಮುಚ್ಚೋರೆ, ತೇಂಗೊಳಲು, ರವೆಯುಂಡೆ ಎಲ್ಲ ಆಗಬೇಕು. ದ್ವಾರಕಾನಾಥರು ಮಧ್ಯಾಹ್ನದಿಂದಲೇ ಹೆಣಗಿದರು. ಹಿಟ್ಟು ಗಟ್ಟಿಯಾಯಿತೆಂದು ನೀರು ಹಾಕಿದರು, ನೀರಾಯಿತೆಂದು ಹಿಟ್ಟು ಹಾಕಿದರು. ಚಕ್ಕುಲಿ ಎಣ್ಣೆಗೆ ಬಿದ್ದದ್ದೇ ಬಿಚ್ಚಿಕೊಂಡು ಪುಡಿಪುಡಿಯಾಯಿತು. ಹೊಸ್ತಿಲಾಚೆ ಬೃಂದಾಗೆ ತಾಳ್ಮೆ ಹೋಗುತ್ತಿತ್ತು.

"ಎಣ್ಣೆ ಇನ್ನೂ ಕಾದಿಲ್ಲ ಮಾವ! ಹಿಟ್ಟಿಗೆ ಬೆಣ್ಣೆ ಜಾಸ್ತಿ ಆಗಿದೆ. ಒತ್ತಬೇಡಿ, ಒತ್ತಬೇಡಿ!"

"ಕೂಗಬೇಡಮ್ಮ, ನನಗೂ ಕಣ್ಣಿದೆ. ಇಷ್ಟು ದಿನ ಅಡುಗೆ ಮಾಡ್ಲಿಲ್ವಾ ನಾನು?"

ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದ ರಂಗನಾಯಕಿ ಅಲ್ಲಿಂದಲೇ ಅಂದರು: "ನೀವೆಲ್ಲಿ ಮಾಡಿದ್ರಿ?"

"ಏನಂದೆ?"

"ಕೈ ನಿಮ್ದು, ಅಡುಗೆ ಅವಳ್ದು. ಬೇಳೆ ಎಷ್ಟು, ಉಪ್ಪು ಎಷ್ಟು, ಯಾವಾಗ ಇಳಿಸಬೇಕು, ಎಲ್ಲಾ ಅವಳು ಹೇಳಿದ್ದು. ನಾನು ಬಾಯಿಗಿಟ್ಟ ಮೊದಲನೇ ದಿನವೇ ಇದು ಅಜ್ಜಂಪುರದ ಸಾರು ಅಂತ ಗೊತ್ತಾಯ್ತು. ಒಂದು ತಿಂಗಳಿಂದ ನೀವು ಬೃಂದಾ ಅಡುಗೇನೇ ತಿಂತಿದೀರಿ. ಪೆರುಮಾಳೂ ಅದನ್ನೇ ತಿಂತಿದಾನೆ. ಇಬ್ಬರಿಗೂ ಏನೂ ಆಗಿಲ್ಲ."

ದ್ವಾರಕಾನಾಥರು ಚಕ್ಕುಲಿ ಒರಳು ಹಿಡಿದುಕೊಂಡು ನಿಂತೇ ಬಿಟ್ಟರು. ಎಣ್ಣೆ ಹೊಗೆಯಾಡತೊಡಗಿತು. ಗುರುಗಳು ಕೈಗೆ ಮುದ್ರೆ ಒತ್ತಿದ್ದರು, ಮಾತಿಗಲ್ಲ ಎನ್ನಬಹುದಿತ್ತು. ಅವರು ಅದನ್ನು ಬಿಟ್ಟು ಉರಿ ಆರಿಸಿದರು. ತಿರುಗಿ ನೋಡಿದರೆ ಬೃಂದಾ ಹೊಸ್ತಿಲಿಗೆ ಒಂದು ಗೇಣು ಆಚೆ, ಬಂದ ವರ್ಷದಿಂದ ನಿಲ್ಲುತ್ತಿದ್ದ ಜಾಗದಲ್ಲೇ, ಬೆವರೊರೆಸಿಕೊಳ್ಳುತ್ತ ನಿಂತಿದ್ದಳು.

"ಸ್ನಾನ ಮಾಡಿದೀಯಾಮ್ಮ?"

"ಹಬ್ಬ ಅಲ್ವಾ ಮಾವ, ಬೆಳಿಗ್ಗೇನೇ ಆಗಿದೆ."

"ಹಂಗಾದ್ರೆ ಒಳಗೆ ಬಾ."

ಅವಳು ಅತ್ತೆಯ ಮುಖ ನೋಡಿದಳು. "ನನಗೆ ಮುದ್ರೆ ಇಲ್ಲ. ಹಾಕಿಸ್ಕೊಳೋದೂ ಇಲ್ಲ. ಆಮೇಲೆ ಏನೂ ಅನ್ಬಾರ್ದು."

"ಅನ್ನಲ್ಲ. ಬಾ, ಎಣ್ಣೆ ಆರ್ತಿದೆ."

ಬೃಂದಾ ಹೊಸ್ತಿಲು ದಾಟಿದಳು. ಒಲೆ ಹಚ್ಚಿ, ಹಿಟ್ಟನ್ನು ಮತ್ತೆ ನಾದಿ, ಒರಳಿಗೆ ತುಂಬಿ, ತಟ್ಟೆಯ ಮೇಲೆ ಗಿರ್ರನೆ ಸುತ್ತಿ ಎಣ್ಣೆಗೆ ಬಿಟ್ಟಳು. ಒಂದೂ ಮುರಿಯಲಿಲ್ಲ. ದ್ವಾರಕಾನಾಥರು ಪಕ್ಕದಲ್ಲಿ ಜಾಲರಿ ಹಿಡಿದು, ಹೊಂಬಣ್ಣಕ್ಕೆ ತಿರುಗಿದ ಒಂದೊಂದನ್ನೇ ಎತ್ತಿ ಬುಟ್ಟಿಗೆ ಹಾಕಿದರು. ಸಂಜೆ ಕೃಷ್ಣನ ಮುಂದಿಟ್ಟು ಮಂತ್ರ ಹೇಳಿದರು. ಆಕಾಶ ಬೀಳಲಿಲ್ಲ, ದೀಪ ಆರಲಿಲ್ಲ. ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು. ಇಂಥ ರುಚಿಯನ್ನು ಹಿಂದಿನ ವರಾಂಡದಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಬದುಕಿದ್ದೆನಲ್ಲಪ್ಪ ಎಂದು ಅವರಿಗೆ ಪರಮಾಶ್ಚರ್ಯವಾಯಿತು.

ಅಲ್ಲಿಂದ ಮುಂದೆ ಎರಡು ಒಲೆ ಒಂದಾಯಿತು. ರಜಾದಿನ ಬೃಂದಾ, ಉಳಿದ ದಿನ ದ್ವಾರಕಾನಾಥರು. ಅವರೂ ಹಠ ಬಿದ್ದು ಕಲಿತರು. ಬೃಂದಾ ಶಾಲೆಗೆ ಹೋಗುವ ಮುಂಚೆ ಅವಳ ಡಬ್ಬಿಯನ್ನೂ ತುಂಬಿಸಿ ಕೊಡುವಷ್ಟಾದರು. ಗಣೇಶನ ಹಬ್ಬ ಹೋಯಿತು, ಪಿತೃಪಕ್ಷ ಬಂತು. ಡಾಕ್ಟರ ಹತ್ತಿರ ತೋರಿಸಲು ಬೃಂದಾಳೇ ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದಳು. ಏನಂದರು ಎಂದು ಕೇಳಿದರೆ "ನಿಧಾನ ಆಗುತ್ತಂತೆ" ಎನ್ನುತ್ತಿದ್ದಳು. ದ್ವಾರಕಾನಾಥರು ಸಂಜೆ ಸಂಜೆ ಪೆರುಮಾಳಿನ ಮುಂದೆ ಕೂತು, ಇನ್ನೇನೂ ಬೇಡ, ಅವಳ ಕೈ ತಲೆಯವರೆಗೆ ಏಳಲಿ, ನನ್ನ ಬೆರಳು ಮಾಡಿದ ತಪ್ಪು ಅವಳ ಜೀವಮಾನಕ್ಕೆ ಉಳಿಯದಿರಲಿ ಎಂದು ಬೇಡುತ್ತಿದ್ದರು. ಒಮ್ಮೊಮ್ಮೆ ಕಣ್ಣು ಒದ್ದೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವರು ಬಾಳೆ ಎಲೆ ತರಲು ಪೇಟೆಗೆ ಹೊರಟವರು, ಚೀಲ ಮರೆತು ಅರ್ಧದಾರಿಯಿಂದ ಹಿಂದಿರುಗಿದರು. ಹಿಂದಿನ ಬಾಗಿಲಿನಿಂದ ಒಳಗೆ ಬಂದರೆ ರಂಗನಾಯಕಿ ಒಗೆದ ಸೀರೆ ಹರವುತ್ತಿದ್ದರು. ಮಡಿಬಟ್ಟೆಯನ್ನು ಯಾರಿಗೂ ತಾಕದಂತೆ ಸೂರಿನ ಕೆಳಗಿನ ಗಳುವಿನ ಮೇಲೆ ಹಾಕಬೇಕು. ಆಕೆ ಎರಡು ಕೈಯನ್ನೂ ತಲೆಗಿಂತ ಮೇಲೆ, ನೆಟ್ಟಗೆ, ಪೂರ್ತಿ ಎತ್ತಿ ಸೀರೆಯ ಅಂಚು ಎಳೆಯು­ತ್ತಿದ್ದರು. ಕುಪ್ಪಸದ ತೋಳು ಜಾರಿ ಆ ಕಡೆ ಚಕ್ರ, ಈ ಕಡೆ ಶಂಖ ಎರಡೂ ಕಾಣುತ್ತಿದ್ದವು.

ದ್ವಾರಕಾನಾಥರು ಬಾಗಿಲಲ್ಲೇ ನಿಂತು ನೋಡಿದರು. ಪೆರುಮಾಳ್ ಪ್ರತ್ಯಕ್ಷವಾಗಿದ್ದರೂ ಅವರು ಹಾಗೆ ನೋಡುತ್ತಿರಲಿಲ್ಲ.

"ಕೈ... ನಿನ್ನ ಕೈ ಎದ್ದಿದೆ ಕಣೇ!"

ರಂಗನಾಯಕಿ ಬೆಚ್ಚಿ ಕೈ ಇಳಿಸಿದರು. ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮುಖ ಕೆಂಪಾಯಿತು.

"ಯಾವಾಗಿಂದ?"

"ಗಣೇಶನ ಹಬ್ಬದಿಂದ."

"ಮತ್ತೆ ಹೇಳ್ಲಿಲ್ಲ? ನಾನಿಲ್ಲಿ ದೇವರ ಮುಂದೆ ಅಳ್ತಾ ಕೂತಿದೀನಿ! ಯಾರಿಗೆಲ್ಲಾ ಗೊತ್ತು?"

"ಬೃಂದಾಗೆ ಗೊತ್ತು. ಶ್ರೇಯಾಗೂ ಗೊತ್ತು. ಹೇಳ್ಬೇಡಿ ಅಂದಿದ್ದೆ."

"ಯಾಕೆ?"

ಆಕೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು. ಆಕೆಯ ದನಿಯಲ್ಲಿ ದೂರಿರಲಿಲ್ಲ.

"ಈ ಮನೆಗೆ ಬಂದಾಗಿಂದ ನಾನು ಎಲ್ಲರಿಗೂ ಬಡಿಸಿ ಆಮೇಲೆ ಉಂಡೋಳು. ಅಷ್ಟು ಹೊತ್ತಿಗೆ ಎಲ್ಲಾ ಆರಿಹೋಗಿರ್ತಿತ್ತು. ಬಿಸಿ ಅನ್ನಕ್ಕೆ ತುಪ್ಪ ಹಾಕಿದ್ರೆ ಕರಗೋದನ್ನ ನಾನು ನಿಮ್ಮ ಎಲೇಲಿ ನೋಡಿದ್ದೆ, ನನ್ನ ಎಲೇಲಿ ನೋಡಿರಲಿಲ್ಲ. ಈಗ ನೀವು ಬಡಿಸೋದ್ರಿಂದ ನನ್ನ ಎಲೇಲೂ ಕರಗುತ್ತೆ. ಕೈ ಸರಿಹೋಯ್ತು ಅಂದ್ರೆ ಅದು ನಿಂತುಹೋಗುತ್ತಲ್ಲ. ಇನ್ನೂ ಸ್ವಲ್ಪ ದಿನ ಅಂತ ಆಸೆ ಆಯ್ತು ರೀ. ತಪ್ಪೇ ಅನ್ಕೊಳಿ."

ಒಂದೇ ಮನೆಯಲ್ಲಿ, ಒಂದೇ ಸೂರಿನ ಕೆಳಗೆ, ಇಷ್ಟು ಚಿಕ್ಕ ಆಸೆ ಇಷ್ಟು ಕಾಲ ಹೇಗೆ ಅಡಗಿ ಕೂತಿತ್ತು! ದ್ವಾರಕಾನಾಥರು ಚೀಲ ತೆಗೆದುಕೊಂಡು ಪೇಟೆಗೆ ನಡೆದರು. ಎಲೆ ಮಾರುವವಳು ಎರಡು ಸಲ ಕೂಗಿದರೂ ಅವರಿಗೆ ಕೇಳಿಸಲಿಲ್ಲ.

ಸಂಜೆ ಎಲ್ಲರಿಗೂ ಒಟ್ಟಿಗೆ ಎಲೆ ಹಾಕಿದರು. ಆಫೀಸಿನಿಂದ ಬಂದು ಕೈಕಾಲು ತೊಳೆದು ಕೂತ ಸುದರ್ಶನ ತಾಯಿಯ ಕಡೆ ತಿರುಗಿದ.

"ಅಮ್ಮ, ಕೈ ಹೇಗಿದೆ ಈಗ? ಮೇಲಕ್ಕೆ ಏಳುತ್ತಾ?"

ಬೃಂದಾ ಎಲೆ ನೋಡಿದಳು. ಶ್ರೇಯಾ ಎಲೆ ನೋಡಿದಳು. ರಂಗನಾಯಕಿ ಗಂಡನ ಮುಖ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಗಾಡಿ ನಿಮಿಷ ತಡವಾದರೂ ನಿಮಿಷವೆಂದೇ ಬರೆದವರು, ಅನ್ನದ ತಪ್ಪಲೆ ಹಿಡಿದು ನಿಂತಿದ್ದರು.

"ಎಲ್ಲಿ ಏಳುತ್ತಪ್ಪಾ," ಅಂದರು ದ್ವಾರಕಾನಾಥರು. "ಡಾಕ್ಟ್ರು ಇನ್ನೂ ಬಹಳ ದಿನ ಬೇಕು ಅಂದಿದಾರೆ."

ಹೇಳಿ, ಹೊಗೆಯಾಡುವ ಅನ್ನವನ್ನು ಮೊದಲು ಹೆಂಡತಿಯ ಎಲೆಗೆ ಬಡಿಸಿ, ತುಪ್ಪದ ಗಿಂಡಿ ಬಗ್ಗಿಸಿದರು.